ತುರ್ತು ನೆರವಿಗೆ ಎಷ್ಟು ಕಾಗದ ಕೇಳಬೇಕು?

2020ರ ಮಾರ್ಚ್ 27ರಂದು ಅಮೆರಿಕದಲ್ಲಿ ಕೇರ್ಸ್ ಕಾಯ್ದೆಗೆ ಅಧ್ಯಕ್ಷರ ಸಹಿ ಬಿತ್ತು. ಸುಮಾರು 2.2 ಲಕ್ಷ ಕೋಟಿ ಡಾಲರಿನ ಕೋವಿಡ್ ಪ್ಯಾಕೇಜು ಅದು. ಆದಾಯ ಒಂದು ಮಿತಿಯೊಳಗಿರುವ ವಯಸ್ಕರಿಗೆ ತಲಾ 1,200 ಡಾಲರ್, 17 ತುಂಬದ ಮಕ್ಕಳ ಲೆಕ್ಕದಲ್ಲಿ ತಲಾ 500 ಡಾಲರ್. ಈಗ 19 ವರ್ಷದ ಒಬ್ಬ ಕಾಲೇಜು ಹುಡುಗಿಯನ್ನು ತಗೊಳ್ಳಿ. ಅಪ್ಪ ಅಮ್ಮ ತಮ್ಮ ತೆರಿಗೆ ಲೆಕ್ಕದಲ್ಲಿ ಅವಳನ್ನು ಅವಲಂಬಿತಳು ಅಂತ ತೋರಿಸಿದ್ದಾರೆ. ಮಗು ಅಂತ 500 ಸಿಗುವುದಿಲ್ಲ, ವಯಸ್ಸು ದಾಟಿದೆ. ವಯಸ್ಕಳು ಅಂತ 1,200 ಸಿಗುವುದಿಲ್ಲ, ಅವಲಂಬಿತಳಲ್ವಾ? ಎರಡೂ ಕಡೆಯಿಂದ ಸೊನ್ನೆ.

ಹೀಗೆ ಎಲ್ಲೂ ಸಲ್ಲದೆ ಉಳಿದವರು ಒಬ್ಬಿಬ್ಬರಲ್ಲ. ಅದೇ ಮಾರ್ಚ್‌ನಲ್ಲಿ ಕಾಲೇಜುಗಳು ಮುಚ್ಚಿದ್ದವು. ಹಾಸ್ಟೆಲ್ ಖಾಲಿ ಮಾಡಲು ಕೆಲವೇ ದಿನಗಳ ಗಡುವು ಕೊಟ್ಟಿದ್ದರು. ಕ್ಯಾಂಪಸ್ಸಿನ ಲೈಬ್ರರಿ, ಕ್ಯಾಂಟೀನು, ಜಿಮ್ಮಿನಲ್ಲಿ ಗಂಟೆ ಲೆಕ್ಕದಲ್ಲಿ ದುಡಿಯುತ್ತಿದ್ದವರ ಕೆಲಸ ಹೋಗಿತ್ತು. ಅಲ್ಲಿನ ಆಹಾರ ನೆರವು ಯೋಜನೆ ಸ್ನ್ಯಾಪ್‌ನಲ್ಲಿ ಇನ್ನೊಂದು ತೊಡಕಿತ್ತು. ಕಾಲೇಜಿಗೆ ಹೋಗುವವರಿಗೆ ಅದು ಸಿಗಬೇಕಾದರೆ ವಾರಕ್ಕೆ 20 ಗಂಟೆ ದುಡಿಯಬೇಕು, ಇಲ್ಲವೇ ಬೇರೆ ಯಾವುದಾದರೂ ವಿನಾಯಿತಿಯೊಳಗೆ ಬರಬೇಕು. ಕೆಲಸ ಹೋಯಿತು ಅಂದರೆ ಊಟದ ಕಾರ್ಡಿಗೂ ಸಂಚಕಾರ. ಈ ನಿಯಮವನ್ನು ತಾತ್ಕಾಲಿಕವಾಗಿ ಸಡಿಲಿಸಿದ್ದು 2020ರ ಡಿಸೆಂಬರ್‌ನ ಕಾಯ್ದೆಯಲ್ಲಿ. ಅಷ್ಟರಲ್ಲಿ ಒಂಬತ್ತು ತಿಂಗಳು ಕಳೆದಿದ್ದವು.

ಅಮೆರಿಕದ ಕಾಲೇಜು ಅಂದರೆ ನಮ್ಮ ಕಣ್ಣ ಮುಂದೆ ಬರುವುದು ಹಾರ್ವರ್ಡ್, ಹಸಿರು ಹುಲ್ಲುಹಾಸು, ಇಟ್ಟಿಗೆ ಕಟ್ಟಡ. ಆದರೆ ಅಲ್ಲಿ ಬಹಳ ಜನ ಓದುವುದು ಎರಡು ವರ್ಷದ ಕಮ್ಯುನಿಟಿ ಕಾಲೇಜುಗಳಲ್ಲಿ. ಹಗಲು ಅಂಗಡಿಯಲ್ಲಿ ಕೆಲಸ, ಸಂಜೆ ಕ್ಲಾಸು, ಮನೆಯಲ್ಲಿ ಸಣ್ಣ ಮಗು. ಅಂಥವರು ಕಡಿಮೆಯೇನಿಲ್ಲ. ಫಿಲಡೆಲ್ಫಿಯಾದ ಹೋಪ್ ಸೆಂಟರ್ ಅನ್ನುವ ಸಂಶೋಧನಾ ಸಂಸ್ಥೆ 2020ರ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಸುಮಾರು 38,000 ವಿದ್ಯಾರ್ಥಿಗಳನ್ನು ಕೇಳಿತು. ಹತ್ತಿರ ಹತ್ತಿರ ಐವರಲ್ಲಿ ಮೂವರಿಗೆ ಊಟದ್ದೋ, ಬಾಡಿಗೆಯದ್ದೋ, ತಲೆ ಮೇಲಿನ ಸೂರಿನದ್ದೋ ತೊಂದರೆಯಿತ್ತು.

ಕೇರ್ಸ್ ಕಾಯ್ದೆಯ ಒಳಗೇ ಇವರಿಗಾಗಿ ಇನ್ನೊಂದು ಬಾಗಿಲು ಇಟ್ಟಿದ್ದರು. ಉನ್ನತ ಶಿಕ್ಷಣದ ತುರ್ತು ಪರಿಹಾರ ನಿಧಿ ಅಂತ. ಅಲ್ಲಿನವರು ಕರೆಯುವುದು ಹೀರ್ಫ್ ಅಂತ. ಮೊತ್ತ ಸುಮಾರು 1,400 ಕೋಟಿ ಡಾಲರ್. ಇದರಲ್ಲಿ ಶೇ 90ರಷ್ಟು ಒಂದು ಸೂತ್ರದ ಪ್ರಕಾರ ಕಾಲೇಜುಗಳಿಗೆ ಹಂಚಿಕೆ. ಹಾಗೆ ಬಂದದ್ದರಲ್ಲಿ ಕಡಿಮೆಯೆಂದರೂ ಅರ್ಧ ವಿದ್ಯಾರ್ಥಿಗಳ ಕೈಗೆ ನಗದಾಗಿ ಹೋಗಲೇಬೇಕು. ಆ ಅರ್ಧವೇ ಸುಮಾರು 630 ಕೋಟಿ ಡಾಲರ್. ವಾಪಸು ಕೊಡಬೇಕಿಲ್ಲ, ಸಾಲ ಅಲ್ಲ. ತೆರಿಗೆಯೂ ಇಲ್ಲ. ಮುಂದಿನ ವರ್ಷದ ಸ್ಕಾಲರ್‌ಶಿಪ್ ಲೆಕ್ಕ ಹಾಕುವಾಗ ಇದನ್ನು ಕಳೆಯುವಂತಿಲ್ಲ. ಯಾವುದಕ್ಕೆ ಬಳಸಬಹುದು ಅಂತಲೂ ಕಾಯ್ದೆ ಹೇಳಿತ್ತು: ಊಟ, ವಸತಿ, ಪುಸ್ತಕ, ಲ್ಯಾಪ್‌ಟಾಪ್ ಇಂಟರ್‌ನೆಟ್ಟು, ಆಸ್ಪತ್ರೆ, ಮಗು ನೋಡಿಕೊಳ್ಳುವ ಖರ್ಚು. ಕೊನೆಯದನ್ನು ಸೇರಿಸಿದವರಿಗೆ ಕಮ್ಯುನಿಟಿ ಕಾಲೇಜು ಹೇಗಿರುತ್ತದೆ ಅಂತ ಗೊತ್ತಿತ್ತು ಅನಿಸುತ್ತದೆ.

ಕಾಗದದ ಮೇಲೆ ಇದು ಒಳ್ಳೆಯ ಯೋಜನೆ. ನನ್ನ ಪ್ರಕಾರ ಉದ್ದೇಶದಲ್ಲಿ ದೋಷವೇ ಇರಲಿಲ್ಲ. ಎಡವಿದ್ದು ಒಂದೇ ಕಡೆ. ಹಣ ಕೊಡುವ ಮುಂಚೆ ಏನೇನು ಕೇಳಬೇಕು ಅನ್ನುವಲ್ಲಿ. ಮೂರು ಕಂತುಗಳಲ್ಲಿ ಒಟ್ಟು ಸುಮಾರು 7,600 ಕೋಟಿ ಡಾಲರ್ ಕಾಲೇಜುಗಳಿಗೆ ಬಂತು. ಆ ಮೂರೂ ಕಂತುಗಳ ನಿಯಮಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ, ಸರ್ಕಾರ ಕೇಳುವುದನ್ನು ಕಡಿಮೆ ಮಾಡುತ್ತಾ ಹೋದದ್ದು ಕಾಣುತ್ತದೆ. ಅಷ್ಟು ಕಲಿಯಲು ಒಂದು ವರ್ಷಕ್ಕೂ ಜಾಸ್ತಿ ಹಿಡಿಯಿತು.

ಮೊದಲು ಹಂಚಿಕೆಯ ಸೂತ್ರ ನೋಡೋಣ. ಕಾಲೇಜಿಗೆ ಬರುವ ಹಣದ ಮುಕ್ಕಾಲು ಪಾಲು ಅಲ್ಲಿ ಪೆಲ್ ಗ್ರಾಂಟ್ ಪಡೆಯುವವರ ಸಂಖ್ಯೆಯ ಮೇಲೆ. ಪೆಲ್ ಅಂದರೆ ಬಡ ಮನೆಯ ಮಕ್ಕಳಿಗೆ ಕೇಂದ್ರ ಕೊಡುವ ಸ್ಕಾಲರ್‌ಶಿಪ್. ಉಳಿದ ಕಾಲು ಭಾಗ ಪೆಲ್ ಇಲ್ಲದವರ ಸಂಖ್ಯೆಯ ಮೇಲೆ. ಬಡವರು ಜಾಸ್ತಿ ಇದ್ದ ಕಡೆ ಜಾಸ್ತಿ ಹಣ, ಸರಿಯಾಗಿಯೇ ಇದೆ. ಆದರೆ ತಲೆ ಎಣಿಸಿದ ರೀತಿ ನೋಡಿ. ಪೂರ್ಣಾವಧಿ ವಿದ್ಯಾರ್ಥಿಗೆ ಒಂದು ಅಂತ ಲೆಕ್ಕ. ಅರ್ಧ ಹೊತ್ತು ಓದುವ ಇಬ್ಬರು ಸೇರಿದರೆ ಒಂದು. ಕಮ್ಯುನಿಟಿ ಕಾಲೇಜಿಗೆ ಇದು ದೊಡ್ಡ ಪೆಟ್ಟು. ಅರ್ಧ ಹೊತ್ತು ಓದುವವರು 10,000 ಜನರಿದ್ದರೆ ಸೂತ್ರಕ್ಕೆ ಕಾಣುವುದು 5,000. ಅರ್ಧ ಹೊತ್ತು ಓದುವವನು ಅರ್ಧ ಹೊಟ್ಟೆ ಉಣ್ಣುತ್ತಾನಾ? ಅರ್ಧ ಬಾಡಿಗೆ ಕಟ್ಟುತ್ತಾನಾ? 2020ರ ಡಿಸೆಂಬರ್‌ನ ಎರಡನೇ ಕಂತಿನಲ್ಲಿ ಇದನ್ನು ತಿದ್ದಿದರು. ಹಂಚಿಕೆಯಲ್ಲಿ ಅರ್ಧ ಭಾರ ಹಳೆಯ ರೀತಿಯ ಎಣಿಕೆಗೆ, ಇನ್ನರ್ಧ ನಿಜವಾದ ತಲೆ ಎಣಿಕೆಗೆ. ಮೊದಲ ಸಲ ಹೊರಗಿಟ್ಟಿದ್ದ, ಪೂರ್ತಿ ಆನ್‌ಲೈನ್ ಓದುವವರಿಗೂ ಆಗ ಒಂದು ಸಣ್ಣ ಪಾಲು ಬಂತು.

ಸೂತ್ರ ಅಂದ ಕೂಡಲೇ ಹಾರ್ವರ್ಡ್ ಗಲಾಟೆ ನೆನಪಾಗುತ್ತದೆ. ಸುಮಾರು 4,000 ಕೋಟಿ ಡಾಲರ್ ಮೂಲನಿಧಿ ಇಟ್ಟುಕೊಂಡ ಸಂಸ್ಥೆಗೆ ಸೂತ್ರದ ಪ್ರಕಾರ 86 ಲಕ್ಷ ಡಾಲರ್ ಮಂಜೂರಾಗಿತ್ತು. ಟ್ರಂಪ್ ಪತ್ರಿಕಾಗೋಷ್ಠಿಯಲ್ಲೇ ಕಿಡಿಕಾರಿದರು. ಹಾರ್ವರ್ಡ್ ಮರುದಿನ ಹಣ ಬೇಡ ಅಂದಿತು. ಸ್ಟ್ಯಾನ್‌ಫರ್ಡ್, ಪ್ರಿನ್ಸ್‌ಟನ್ ಕೂಡ ಹಿಂದೆ ಸರಿದವು. ಟಿವಿಗಳಿಗೆ ಎರಡು ದಿನ ಒಳ್ಳೆಯ ಮೇವು. ಒಟ್ಟು ಮೊತ್ತದ ಮುಂದೆ ಇದು ಚಿಲ್ಲರೆ. ಅದೇ ವಾರ ನಿಜವಾಗಿ ಪೆಟ್ಟು ಕೊಟ್ಟ ಇನ್ನೊಂದು ತೀರ್ಮಾನ ಹೊರಬಿದ್ದಿತ್ತು. ಅದರ ಮೇಲೆ ಅಷ್ಟು ಬೆಳಕು ಬೀಳಲಿಲ್ಲ.

ಕಾಯ್ದೆಯಲ್ಲಿ ಇದ್ದದ್ದು ಬರೀ ‘ವಿದ್ಯಾರ್ಥಿಗಳು’ ಅಂತ. ಇಂಥವರು, ಅಂಥವರು ಅಂತ ಭೇದ ಮಾಡಿರಲಿಲ್ಲ. ಏಪ್ರಿಲ್ 9ಕ್ಕೆ ಶಿಕ್ಷಣ ಕಾರ್ಯದರ್ಶಿ ಬೆಟ್ಸಿ ಡಿವೋಸ್ ಕಾಲೇಜುಗಳಿಗೆ ಪತ್ರ ಬರೆದರು. ಹೇಗೆ ಹಂಚಬೇಕು ಅನ್ನುವುದು ಬಹುಪಾಲು ನಿಮ್ಮ ವಿವೇಚನೆಗೆ ಬಿಟ್ಟಿದ್ದು ಅನ್ನುವ ಧಾಟಿ ಅದರಲ್ಲಿತ್ತು. ಕಾಲೇಜುಗಳು ಯೋಜನೆ ಹಾಕತೊಡಗಿದವು. ಏಪ್ರಿಲ್ 21ಕ್ಕೆ ಅದೇ ಇಲಾಖೆಯಿಂದ ಹೊಸ ಮಾರ್ಗಸೂಚಿ. ಉನ್ನತ ಶಿಕ್ಷಣ ಕಾಯ್ದೆಯ ಟೈಟಲ್ ಫೋರ್ ಅನ್ನುವ ಭಾಗದ ಪ್ರಕಾರ ಕೇಂದ್ರದ ಹಣಕಾಸು ನೆರವಿಗೆ ಅರ್ಹರಾದವರಿಗೆ ಮಾತ್ರ ಈ ತುರ್ತು ಹಣ ಅಂತ.

ಆ ಒಂದು ಸಾಲಿನಿಂದ ಯಾರೆಲ್ಲ ಹೊರಬಿದ್ದರು ನೋಡಿ. ಚಿಕ್ಕವರಿದ್ದಾಗ ಅಪ್ಪ ಅಮ್ಮ ದಾಖಲೆ ಇಲ್ಲದೆ ಕರೆತಂದ, ಡಾಕಾ ಅನ್ನುವ ಯೋಜನೆಯಡಿ ಗಡೀಪಾರಿನಿಂದ ರಕ್ಷಣೆ ಪಡೆದು ಓದುತ್ತಿದ್ದ ಮಕ್ಕಳು. ಎಲ್ಲ ವಿದೇಶಿ ವಿದ್ಯಾರ್ಥಿಗಳು. ಇವರು ಹೊರಗುಳಿಯುತ್ತಾರೆ ಅಂತ ಎಲ್ಲರಿಗೂ ತಕ್ಷಣ ಗೊತ್ತಾಯಿತು. ಅಮೆರಿಕದ ಪ್ರಜೆಗಳೇ ಎಷ್ಟು ಜನ ಹೊರಬಿದ್ದರು ಅನ್ನುವುದು ಆಮೇಲೆ ಅರಿವಿಗೆ ಬಂತು. ಹಳೆಯ ಶಿಕ್ಷಣ ಸಾಲ ಬಾಕಿ ಉಳಿಸಿಕೊಂಡವರು. ಅಂಕ ಕಡಿಮೆಯಾಗಿ ‘ತೃಪ್ತಿಕರ ಪ್ರಗತಿ’ ತೋರಿಸಲಾಗದವರು. ಅಗತ್ಯ ಬಿದ್ದರೆ ಸೇನೆಗೆ ಕರೆಯಲು ಸರ್ಕಾರ ಇಟ್ಟಿರುವ ಸೆಲೆಕ್ಟಿವ್ ಸರ್ವಿಸ್ ಪಟ್ಟಿಯಲ್ಲಿ ಹೆಸರು ಬರೆಸದ ಹುಡುಗರು. ಹೈಸ್ಕೂಲ್ ಸರ್ಟಿಫಿಕೇಟ್ ಇಲ್ಲದೆ ಕಮ್ಯುನಿಟಿ ಕಾಲೇಜು ಸೇರಿ ಕೆಲಸ ಕಲಿಯುತ್ತಿದ್ದವರು.

ಇವೆಲ್ಲ ಸರಿ ಇದ್ದರೂ ಅದನ್ನು ರುಜುವಾತು ಮಾಡಬೇಕಲ್ಲ? ಅದಕ್ಕೆ ಸುಲಭದ ದಾರಿ ಫಾಫ್ಸಾ ಅನ್ನುವ ಅರ್ಜಿ. ಆಗ ಅದರಲ್ಲಿ 108 ಪ್ರಶ್ನೆಗಳಿದ್ದವು. ಅಪ್ಪ ಅಮ್ಮನ ತೆರಿಗೆ ವಿವರ, ಉಳಿತಾಯ, ಮನೆಯಲ್ಲಿ ಎಷ್ಟು ಜನ, ಅದರಲ್ಲಿ ಎಷ್ಟು ಜನ ಕಾಲೇಜಿಗೆ ಹೋಗುತ್ತಾರೆ, ಹೀಗೆ. ವರ್ಷಕ್ಕೊಮ್ಮೆ ನಿಧಾನವಾಗಿ ಕೂತು ಸ್ಕಾಲರ್‌ಶಿಪ್ಪಿಗೆ ತುಂಬುವ ಅರ್ಜಿ ಅದು. ಫಾಫ್ಸಾ ತುಂಬದವರು ಎಲ್ಲ ಕಡೆಯೂ ಇರುತ್ತಾರೆ. ಫೀಸು ಕಡಿಮೆ, ದುಡಿದು ಕಟ್ಟಿಬಿಡ್ತೀನಿ ಅಂದುಕೊಂಡವರು ಯಾಕೆ ತುಂಬುತ್ತಾರೆ? ಕೆಲಸ ಹೋಗಿದ್ದು ಅಂಥವರದ್ದೇ. ನಾಳೆಯ ದಿನಸಿಗೆ ದುಡ್ಡಿಲ್ಲದವನಿಗೆ 108 ಪ್ರಶ್ನೆ ಮುಂದಿಟ್ಟರೆ ಅದನ್ನು ತುರ್ತು ನೆರವು ಅನ್ನುವುದು ಹೇಗೆ?

ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳ ಮಂಡಳಿ ಮೇ ತಿಂಗಳಲ್ಲಿ ಕೋರ್ಟಿಗೆ ಹೋಯಿತು. ವಾಷಿಂಗ್ಟನ್ ರಾಜ್ಯ ಬೇರೆಯಾಗಿ ದಾವೆ ಹೂಡಿತು. ಇಬ್ಬರ ವಾದದ ತಿರುಳು ಒಂದೇ: ಸಂಸತ್ತು ಹಾಕದ ಷರತ್ತನ್ನು ಇಲಾಖೆ ಹಾಕುವಂತಿಲ್ಲ. ವಾಷಿಂಗ್ಟನ್‌ನಲ್ಲಿ ಜೂನ್ 12ಕ್ಕೆ ಒಂದು ಮಟ್ಟಿಗಿನ ತಡೆ ಸಿಕ್ಕಿತು. ಜೂನ್ 17ಕ್ಕೆ ಇಲಾಖೆ ತನ್ನ ಷರತ್ತನ್ನು ಅಧಿಕೃತ ನಿಯಮವಾಗಿ ಪ್ರಕಟಿಸಿತು. ಅದೇ ದಿನ ಕ್ಯಾಲಿಫೋರ್ನಿಯಾದಲ್ಲಿ ನ್ಯಾಯಾಧೀಶೆ ಇವಾನ್ ಗೊನ್ಸಾಲೆಸ್ ರೋಜರ್ಸ್ ಆ ಷರತ್ತಿಗೆ ತಡೆ ಕೊಟ್ಟರು. ಆದರೆ ತಡೆ ಅನ್ವಯವಾಗಿದ್ದು ಅರ್ಜಿ ಹಾಕಿದವರ ಮಟ್ಟಿಗೆ. ಗಡಿಯಾಚೆ ಒರೆಗಾನ್‌ನಲ್ಲೋ ನೆವಾಡಾದಲ್ಲೋ ಓದುವವರಿಗೆ ಹಳೆಯ ಷರತ್ತೇ ಗತಿ. ಕಾಯ್ದೆ ಒಂದು, ದೇಶ ಒಂದು, ಆದರೆ ತುರ್ತು ಹಣ ಸಿಗುತ್ತದೋ ಇಲ್ಲವೋ ಅನ್ನುವುದು ಯಾವ ರಾಜ್ಯದ ಕಾಲೇಜು ಅನ್ನುವುದರ ಮೇಲೆ. ಅಷ್ಟರಲ್ಲಿ ಆ ಸೆಮಿಸ್ಟರೇ ಮುಗಿದಿತ್ತು.

ಈ ಹೊರಬಿದ್ದವರ ಪಟ್ಟಿಯಲ್ಲಿ ನಮ್ಮವರೂ ಇದ್ದರು. 2019-20ರಲ್ಲಿ ಅಮೆರಿಕದಲ್ಲಿದ್ದ ಭಾರತೀಯ ವಿದ್ಯಾರ್ಥಿಗಳು 1,93,124. ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆಯಿಂದ ಎಂಜಿನಿಯರಿಂಗ್ ಮುಗಿಸಿ, ಮನೆಪತ್ರ ಬ್ಯಾಂಕಿನಲ್ಲಿಟ್ಟು ಸಾಲ ಮಾಡಿ, ಎಂಎಸ್ ಮಾಡಲು ಹೋದವರು ಇದರಲ್ಲಿ ಎಷ್ಟೋ ಜನ. ಎಫ್-1 ವೀಸಾದಲ್ಲಿ ಕ್ಲಾಸು ನಡೆಯುವಾಗ ವಾರಕ್ಕೆ 20 ಗಂಟೆ ಕ್ಯಾಂಪಸ್ಸಿನೊಳಗೆ ಮಾತ್ರ ದುಡಿಯಬಹುದು. ಕ್ಯಾಂಪಸ್ಸೇ ಮುಚ್ಚಿದರೆ? ಹೊರಗೆ ದುಡಿಯಲು ಬೇರೆ ಅನುಮತಿ ಬೇಕು, ಅದು ಸುಮ್ನೆ ಸಿಗುವಂಥದ್ದಲ್ಲ. ಊರಿಗೆ ಬರೋಣ ಅಂದರೆ ಮಾರ್ಚ್ ಕೊನೆಯ ಹೊತ್ತಿಗೆ ಭಾರತ ವಿದೇಶಿ ವಿಮಾನಗಳನ್ನೇ ನಿಲ್ಲಿಸಿತ್ತು. ವಂದೇ ಭಾರತ್ ವಿಮಾನಗಳು ಶುರುವಾಗಿದ್ದು ಮೇ 7ರಿಂದ. ಬಾಡಿಗೆ ಮಾತ್ರ ತಿಂಗಳು ತಿಂಗಳು ಕಟ್ಟಲೇಬೇಕು. ಇದರ ನಡುವೆ ಜುಲೈ 6ಕ್ಕೆ ವಲಸೆ ಇಲಾಖೆ ಇನ್ನೊಂದು ಬಾಂಬು ಹಾಕಿತು. ಪೂರ್ತಿ ಆನ್‌ಲೈನ್ ಕ್ಲಾಸಿರುವ ವಿದೇಶಿ ವಿದ್ಯಾರ್ಥಿಗಳು ದೇಶ ಬಿಡಬೇಕು ಅಂತ. ಹಾರ್ವರ್ಡ್ ಮತ್ತು ಎಂಐಟಿ ಕೋರ್ಟಿಗೆ ಹೋದವು, ಜುಲೈ 14ಕ್ಕೆ ಆ ಆದೇಶ ವಾಪಸಾಯಿತು. ಆ ಎಂಟು ದಿನ ಇಲ್ಲಿ ಎಷ್ಟು ಮನೆಗಳಲ್ಲಿ ನಿದ್ದೆ ಇರಲಿಲ್ಲವೋ.

ಕೆಲವು ಕಾಲೇಜುಗಳು ತಮ್ಮದೇ ನಿಧಿಯಿಂದ, ದಾನಿಗಳ ಹಣದಿಂದ ಹೊರಗುಳಿದವರಿಗೆ ಕೊಟ್ಟವು. ನ್ಯೂಯಾರ್ಕ್ ನಗರದ ವಿಶ್ವವಿದ್ಯಾಲಯ ಕ್ಯುನಿ ದಾನಿಗಳ ನೆರವಿನಿಂದ 500 ಡಾಲರಿನ ಗ್ರಾಂಟುಗಳನ್ನು ಕೊಟ್ಟಿತು. ದಾನಿಗಳಿಲ್ಲದ ಕಾಲೇಜಿನವರು ಕೈಚೆಲ್ಲಿ ಕೂತರು.

ಇಷ್ಟು ಹೊತ್ತು ಹೇಳಿದ್ದು ಸರ್ಕಾರದ ಮಟ್ಟದ ಗೋಳು. ಇನ್ನು ಕಾಲೇಜಿನ ಕಿಟಕಿಯಲ್ಲಿ ಏನಾಯಿತು? ಬಹಳ ಕಡೆ ಅರ್ಜಿ ಕರೆದರು. ಹೆಸರು, ನಂಬರು, ಕೋವಿಡ್‌ನಿಂದ ಏನು ತೊಂದರೆಯಾಯಿತು ವಿವರಿಸಿ, ಯಾವುದಕ್ಕೆ ಎಷ್ಟು ಬೇಕು ಬರೆಯಿರಿ, ಸಹಿ ಹಾಕಿ. ಮೊದಲು ಬಂದವರಿಗೆ ಮೊದಲು ಅಂದ ಕಡೆ ಇಂಟರ್‌ನೆಟ್ಟು ಚೆನ್ನಾಗಿದ್ದವರಿಗೆ ಸಿಕ್ಕಿತು. ಇಂಟರ್‌ನೆಟ್ಟಿಗೇ ಹಣ ಬೇಕಿದ್ದವರು ಹಿಂದೆ ಬಿದ್ದರು. ಕಷ್ಟ ವಿವರಿಸಿ ಬರೆಯಿರಿ ಅಂದರೆ ಬರವಣಿಗೆ ಬಂದವರಿಗೆ ಅನುಕೂಲ. ನನಗಿಂತ ಕಷ್ಟದಲ್ಲಿ ಇರುವವರು ಇದ್ದಾರೆ ಅಂತ ಅರ್ಜಿಯನ್ನೇ ಹಾಕದವರು ಇನ್ನೊಂದು ಗುಂಪು. ಮಾನ ಮರ್ಯಾದೆಯ ಪ್ರಶ್ನೆ ಎಲ್ಲ ದೇಶದಲ್ಲೂ ಒಂದೇ.

ಇನ್ನು ಕೆಲವರು ಅರ್ಜಿಯನ್ನೇ ಕೇಳಲಿಲ್ಲ. ಪೆಲ್ ಪಡೆಯುವವರ ಪಟ್ಟಿ ಹೇಗೂ ಕೈಯಲ್ಲಿದೆ, ಖಾತೆ ನಂಬರೂ ಇದೆ, ಹಾಕಿಬಿಟ್ಟರು. ಇದರಲ್ಲಿ ಒಬ್ಬಿಬ್ಬರು ಅಷ್ಟೇನೂ ಕಷ್ಟವಿಲ್ಲದವರಿಗೂ ಹೋಗಿರಬಹುದು. ಹೋಗಲಿ. ಬೇಕಾದವನಿಗೆ ಎರಡು ತಿಂಗಳು ತಡವಾಗುವುದಕ್ಕಿಂತ ಅದು ಮೇಲು ಅನ್ನುವುದು ನನ್ನ ಲೆಕ್ಕ.

ಹೀಗೆ ಕೇಳದೆ ಕೊಡುವುದನ್ನು ಕೋವಿಡ್‌ಗಿಂತ ಎಷ್ಟೋ ಮುಂಚೆ ಪಳಗಿಸಿಕೊಂಡ ಒಂದು ಕಾಲೇಜಿದೆ. ಅಟ್ಲಾಂಟಾದ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯ. ಅಲ್ಲಿ ಪ್ರತಿ ಸೆಮಿಸ್ಟರ್ ಫೀಸಿನ ಗಡುವು ಮುಗಿದ ಕೂಡಲೇ ಬಾಕಿ ಇರುವವರ ಹೆಸರು ಕ್ಲಾಸಿನಿಂದ ಹೋಗುತ್ತಿತ್ತು. ಒಂದೊಂದು ಸಲ ಸಾವಿರಕ್ಕೂ ಹೆಚ್ಚು ಜನ. ಪಟ್ಟಿಯನ್ನು ಬಿಡಿಸಿ ನೋಡಿದರೆ ಎಷ್ಟೋ ಜನರ ಬಾಕಿ ಕೆಲವೇ ನೂರು ಡಾಲರ್. ಅದರಲ್ಲೂ ಕೆಲವರು ಕೊನೆಯ ವರ್ಷದವರು, ಒಳ್ಳೆಯ ಅಂಕದವರು, ಸಿಗಬೇಕಾದ ಸಾಲ ಸ್ಕಾಲರ್‌ಶಿಪ್ ಎಲ್ಲ ಮುಗಿಸಿಕೊಂಡವರು. 2011ರಲ್ಲಿ ಪ್ಯಾಂಥರ್ ರಿಟೆನ್ಶನ್ ಗ್ರಾಂಟ್ ಶುರು ಮಾಡಿದರು. ವಿದ್ಯಾರ್ಥಿ ಅರ್ಜಿ ಹಾಕುವಂತಿಲ್ಲ. ಕಚೇರಿಯವರೇ ಪಟ್ಟಿಯಲ್ಲಿ ಇಂಥವರನ್ನು ಹುಡುಕಿ ತಿಳಿಸುತ್ತಾರೆ: ನಿಮ್ಮ ಬಾಕಿಯನ್ನು ನಾವು ತುಂಬುತ್ತಿದ್ದೇವೆ, ಹಣಕಾಸು ಸಲಹೆಗಾರರ ಹತ್ತಿರ ಒಮ್ಮೆ ಕೂತು ಮಾತಾಡಿ, ಕ್ಲಾಸಿಗೆ ಬನ್ನಿ. ಸರಾಸರಿ ಸುಮಾರು 900 ಡಾಲರ್. ಇದು ಬರೀ ದಾನವಲ್ಲ. ಆ ಹುಡುಗ ಬಿಟ್ಟು ಹೋದರೆ ಅವನು ಕಟ್ಟುವ ಉಳಿದ ಫೀಸೂ ಕಾಲೇಜಿಗೆ ಇಲ್ಲ. ಕಿರಾಣಿ ಅಂಗಡಿಯವನು ಹಳೆಯ ಗಿರಾಕಿಗೆ ಸಾಲ ಬರೆದುಕೊಳ್ಳುವ ಹಾಗೆ, ಲೆಕ್ಕ ಗೊತ್ತಿದ್ದೇ ಮಾಡಿದ ಕೆಲಸ.

ಕೇರ್ಸ್ ಹಣದಲ್ಲಿ ಇದನ್ನೇ ಮಾಡಲು ಆಗುತ್ತಿರಲಿಲ್ಲ. ಮೊದಲ ಕಂತಿನ ವಿದ್ಯಾರ್ಥಿ ಪಾಲು ನೇರವಾಗಿ ವಿದ್ಯಾರ್ಥಿಗೇ ಹೋಗಬೇಕು, ಕಾಲೇಜು ಅದನ್ನು ಹಳೆಯ ಬಾಕಿಗೆ ಮುರಿದುಕೊಳ್ಳುವಂತಿಲ್ಲ ಅಂತ ನಿಯಮ. ಒಳ್ಳೆಯದೇ, ಊಟದ ಹಣ ಮತ್ತೆ ಕಾಲೇಜಿನ ಪೆಟ್ಟಿಗೆಗೆ ಬೀಳಬಾರದು. ಆದರೆ ಬಾಕಿ ಇದ್ದವನಿಗೆ ಮುಂದಿನ ಸೆಮಿಸ್ಟರಿಗೆ ಹೆಸರು ನೋಂದಾಯಿಸಲು ಬಿಡದ ಕಾಲೇಜುಗಳೂ ಇದ್ದವಲ್ಲ. ಆಮೇಲಿನ ಕಂತುಗಳಲ್ಲಿ ವಿದ್ಯಾರ್ಥಿ ಲಿಖಿತ ಒಪ್ಪಿಗೆ ಕೊಟ್ಟರೆ ಬಾಕಿಗೆ ಹಾಕಿಕೊಳ್ಳಬಹುದು ಅಂತ ಮಾಡಿದರು. ಜತೆಗೆ ಕಾಲೇಜಿನ ಪಾಲಿನಿಂದಲೇ ಬಾಕಿ ಮನ್ನಾ ಮಾಡಲೂ ದಾರಿ ತೆರೆದರು. 2021ರಲ್ಲಿ ಕಪ್ಪು ಸಮುದಾಯದ ಹಳೆಯ ಕಾಲೇಜುಗಳಲ್ಲಿ ಕೆಲವು ಇದನ್ನು ಬಳಸಿಕೊಂಡವು. ಡೆಲವೇರ್ ಸ್ಟೇಟ್ ವಿಶ್ವವಿದ್ಯಾಲಯ ಆಗಷ್ಟೇ ಪದವಿ ಮುಗಿಸಿದ 200ಕ್ಕೂ ಹೆಚ್ಚು ಜನರ 7 ಲಕ್ಷ ಡಾಲರಿಗೂ ಮೀರಿದ ಬಾಕಿಯನ್ನು ಅಳಿಸಿಹಾಕಿತು.

ಮೂರನೇ ಕಂತು 2021ರ ಮಾರ್ಚ್ 11ರದ್ದು. ಹತ್ತಿರ ಹತ್ತಿರ 4,000 ಕೋಟಿ ಡಾಲರ್, ಮೂರರಲ್ಲಿ ದೊಡ್ಡದು. ಆಗ ಸರ್ಕಾರ ಬದಲಾಗಿತ್ತು. ಮೇ ತಿಂಗಳಲ್ಲಿ ಹೊಸ ಕಾರ್ಯದರ್ಶಿ ಮಿಗೆಲ್ ಕಾರ್ಡೋನಾ ಡಿವೋಸ್ ಕಾಲದ ಷರತ್ತನ್ನು ತೆಗೆದುಹಾಕಿದರು. ಟೈಟಲ್ ಫೋರ್ ಅರ್ಹತೆ ಬೇಡ. ಡಾಕಾದವರು, ದಾಖಲೆ ಇಲ್ಲದವರು, ನಿರಾಶ್ರಿತರು, ವಿದೇಶಿ ವಿದ್ಯಾರ್ಥಿಗಳು, ಎಲ್ಲರಿಗೂ ಕಾಲೇಜು ಕೊಡಬಹುದು. ತೀರಾ ಕಷ್ಟದಲ್ಲಿರುವವರಿಗೆ ಆದ್ಯತೆ ಇರಬೇಕು, ಅಷ್ಟೇ. ಮೊದಲ ಸಲದ 1,200ರ ಹಾಗೆ ಜನರಿಗೆ ನೇರವಾಗಿ ಕೊಟ್ಟ 1,400 ಡಾಲರಿನ ಚೆಕ್ಕಿನಲ್ಲೂ ಈ ಸಲ ದೊಡ್ಡ ವಯಸ್ಸಿನ ಅವಲಂಬಿತರನ್ನು ಸೇರಿಸಿದರು.

ಕೇಳುವುದನ್ನು ಕಡಿಮೆ ಮಾಡಿದರೆ ಕಳ್ಳರಿಗೂ ದಾರಿ ಸುಲಭವಲ್ವಾ? ಹೌದು, ಆಯಿತು ಕೂಡ. 2021ರಲ್ಲಿ ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳಿಗೆ ಸಾವಿರಾರು ನಕಲಿ ವಿದ್ಯಾರ್ಥಿಗಳ ಅರ್ಜಿ ಬಂತು. ಹಿಂದೆ ಇದ್ದದ್ದು ತಾವಾಗಿಯೇ ಅರ್ಜಿ ತುಂಬುವ ಸಾಫ್ಟ್‌ವೇರ್ ಬಾಟ್‌ಗಳು, ಗುರಿ ನೆರವಿನ ಹಣ. ಆನ್‌ಲೈನ್ ಕ್ಲಾಸಿನಲ್ಲಿ ಕ್ಯಾಮೆರಾ ಆಫ್ ಮಾಡಿದ ‘ವಿದ್ಯಾರ್ಥಿ’ ನಿಜವೋ ಸುಳ್ಳೋ ಅಂತ ಮೇಷ್ಟ್ರು ಪತ್ತೆ ಮಾಡಬೇಕಾಯಿತು. ಹಾಗಂತ ಉತ್ತರ ಇನ್ನೂ 108 ಪ್ರಶ್ನೆ ಅಲ್ಲ. ಬಾಟ್‌ಗೆ ಅರ್ಜಿ ತುಂಬಲು ಬೇಜಾರಿಲ್ಲ, ಬಸವಳಿದ ಮನುಷ್ಯನಿಗೆ ಇದೆ. ಮುಂಚಿನಿಂದ ಕ್ಲಾಸಿನಲ್ಲಿ ಇರುವವರ ಪಟ್ಟಿ ಹಿಡಿದು ಕೊಡುವ ಜಾರ್ಜಿಯಾ ಸ್ಟೇಟ್ ದಾರಿಯಲ್ಲಿ ಹೊಸ ನಕಲಿಗಳು ನುಸುಳುವುದು ಕಷ್ಟ.

ಇನ್ನೊಂದು ದೂರು ಮಾತ್ರ ಕೊನೆಯವರೆಗೂ ಬಗೆಹರಿಯಲಿಲ್ಲ. ಎಷ್ಟು ಕೊಡಬೇಕು ಅನ್ನುವುದು ಆಯಾ ಕಾಲೇಜಿನ ಇಷ್ಟ. ಒಂದೇ ಮನೆಯ ಅಕ್ಕ ತಮ್ಮ ಎರಡು ಕಾಲೇಜಿನಲ್ಲಿದ್ದರೆ ಒಬ್ಬರಿಗೆ ಕೆಲವು ನೂರು ಡಾಲರ್, ಇನ್ನೊಬ್ಬರಿಗೆ ಸಾವಿರದ ಮೇಲೆ ಬರಬಹುದಿತ್ತು.

ಕರ್ನಾಟಕದಲ್ಲಿ 2020ರ ಮೇ 6ಕ್ಕೆ ಸರ್ಕಾರ 1,610 ಕೋಟಿ ರೂಪಾಯಿಯ ಪ್ಯಾಕೇಜು ಘೋಷಿಸಿತು. ಆಟೋ ಟ್ಯಾಕ್ಸಿ ಚಾಲಕರು, ಕ್ಷೌರಿಕರು, ಮಡಿವಾಳರಿಗೆ ತಲಾ 5,000 ರೂಪಾಯಿ. ಅಲ್ಲೂ ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಬೇಕಿತ್ತು. ಘೋಷಣೆಯಲ್ಲಿ ಹೇಳಿದಷ್ಟು ಜನರಿಗೆ ಹಣ ತಲುಪಲಿಲ್ಲ. ಕಾಲೇಜು ವಿದ್ಯಾರ್ಥಿಗಳು ಆ ಪಟ್ಟಿಯಲ್ಲಿ ಇರಲೇ ಇಲ್ಲ. ಮುಂದಿನ ವರ್ಷ ಸರ್ಕಾರಿ ಕಾಲೇಜಿನವರಿಗೆ ಟ್ಯಾಬ್ ಬಂತು. ಅಷ್ಟು ಹೊತ್ತಿಗೆ ಒಂದು ಪೂರ್ತಿ ವರ್ಷ ಮಕ್ಕಳು ಅಪ್ಪನ ಮೊಬೈಲಿನಲ್ಲಿ ಕ್ಲಾಸು ಕೇಳಿದ್ದರು.

ಇಲ್ಲಿನ ಮಕ್ಕಳು ಬಹುಪಾಲು ಊರಿಗೆ ಹೋಗಿದ್ದರು, ತಲೆ ಮೇಲೆ ಸೂರಿತ್ತು, ನಿಜ. ಬೇಕಿದ್ದದ್ದು ಡೇಟಾ ಪ್ಯಾಕು, ಪರೀಕ್ಷೆ ಫೀಸು, ಪಿಜಿಯ ಬಾಡಿಗೆ ಬಾಕಿ. ಸಾವಿರ ಎರಡು ಸಾವಿರದ ಮಾತು. ಸ್ಕಾಲರ್‌ಶಿಪ್ ಅರ್ಜಿ ಅಂದರೆ ಏನು ಅಂತ ರಾಜ್ಯದ ಸ್ಕಾಲರ್‌ಶಿಪ್ ಜಾಲತಾಣ ಎಸ್‌ಎಸ್‌ಪಿ ಪೋರ್ಟಲ್ ನೋಡಿದವರಿಗೆ ಹೇಳಬೇಕಿಲ್ಲ. ಜಾತಿ ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರು, ಆಧಾರ್ ಜೋಡಣೆ, ಕಾಲೇಜಿನ ಇ-ದೃಢೀಕರಣ, ಆಮೇಲೆ ಕಾಯುವುದು. ಆದರೆ ಒಮ್ಮೆ ಅದನ್ನು ದಾಟಿದವರ ಆದಾಯ, ಕಾಲೇಜು, ಬ್ಯಾಂಕ್ ಖಾತೆ ಎಲ್ಲವೂ ಸರ್ಕಾರದ ಹತ್ತಿರ ಇದೆ. ಅಟ್ಲಾಂಟಾದ ಕಚೇರಿಯವರು ಪ್ರತಿ ಸೆಮಿಸ್ಟರ್ ಬಿಡಿಸಿ ನೋಡುವಂಥ ಪಟ್ಟಿಯೇ ಅದು. ಇಲ್ಲದಿರುವುದು, ಗಡುವು ಮುಗಿಯುವ ದಿನ ಆ ಪಟ್ಟಿ ತೆಗೆದು ಎರಡು ಸಾವಿರ ರೂಪಾಯಿ ಹಾಕಿಬಿಡಲು ಒಬ್ಬ ಪ್ರಿನ್ಸಿಪಾಲರಿಗೆ ಅಧಿಕಾರ ಕೊಡುವ ಒಂದು ಆದೇಶ.